ಏಳು ವಿದ್ಯಾರ್ಥಿಗಳು, ಒಂದು ಬೇಸಿಗೆ ರಜೆ, ಒಂದು ಸರ್ಕಾರಿ ಕಚೇರಿ

"ಅದಕ್ಕೊಂದು ಕಾನೂನು ಇದೆಯಲ್ಲಾ, ಇನ್ನೇನು ಬೇಕು?" ಅನ್ನೋ ಮಾತನ್ನ ನಾವೆಲ್ಲ ಕೇಳಿರ್ತೀವಿ. ಕಾನೂನು ಇರೋದು ಬೇರೆ, ಅದನ್ನ ನಡೆಸೋ ಕಚೇರಿಗೆ ತ್ರಾಣ ಇರೋದು ಬೇರೆ. ಈ ವ್ಯತ್ಯಾಸವನ್ನ ಅಮೆರಿಕಕ್ಕೆ ಎತ್ತಿ ತೋರಿಸಿದ್ದು ಏಳು ಜನ ಎಳೆಯರು. ನಮ್ಮಲ್ಲಿ ಈ ಕಥೆ ಅಷ್ಟಾಗಿ ಯಾರೂ ಹೇಳಿದ ಹಾಗಿಲ್ಲ, ಅದಕ್ಕೇ ಈ ಬರಹ.

ರಾಲ್ಫ್ ನೇಡರ್ ಹೆಸರು ಕೆಲವರಿಗೆ ಗೊತ್ತಿರಬಹುದು. ಕಾರುಗಳು ಎಷ್ಟು ಅಪಾಯಕಾರಿ ಅಂತ 1965ರಲ್ಲಿ ಪುಸ್ತಕ ಬರೆದು ಕಾರು ಕಂಪನಿಗಳ ನಿದ್ದೆ ಕೆಡಿಸಿದ ವಕೀಲ. ಮರುವರ್ಷವೇ ಅಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. 1968ರ ಬೇಸಿಗೆಯಲ್ಲಿ ಅವರು ಕಾನೂನು ಓದುತ್ತಿದ್ದ, ಆಗಷ್ಟೇ ಓದು ಮುಗಿಸಿದ್ದ ಏಳು ಜನರನ್ನ ಕಟ್ಟಿಕೊಂಡು ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ಅದು ಫೆಡರಲ್ ಟ್ರೇಡ್ ಕಮಿಷನ್ನಿನ ತನಿಖೆ.

ಈ ಕಮಿಷನ್ ಹುಟ್ಟಿದ್ದು 1914ರಲ್ಲಿ. ವ್ಯಾಪಾರದಲ್ಲಿ ಮೋಸ ತಡೆಯೋದು ಅದರ ಕೆಲಸ. ಸುಳ್ಳು ಜಾಹೀರಾತಿನ ಮೇಲೆ ಕ್ರಮ ತಗೊಳ್ಳೋ ಸ್ಪಷ್ಟ ಅಧಿಕಾರವೂ 1938ರಲ್ಲಿ ಸಿಕ್ಕಿತ್ತು. ಕಾಗದದ ಮೇಲೆ ಎಲ್ಲಾ ಸರಿ. ನಡೆಯುತ್ತಿದ್ದದ್ದು ಹೇಗೆ? ಒಂದೇ ಉದಾಹರಣೆ ಸಾಕು. 'ಕಾರ್ಟರ್ಸ್ ಲಿಟಲ್ ಲಿವರ್ ಪಿಲ್ಸ್' ಅಂತೊಂದು ಮಾತ್ರೆ ಇತ್ತು. ಅದಕ್ಕೂ ಲಿವರ್‌ಗೂ ಸಂಬಂಧವೇ ಇಲ್ಲ ಅಂತ ಕಮಿಷನ್ 1943ರಲ್ಲಿ ಕೇಸು ಹಾಕಿತು. ಹೆಸರಿನಿಂದ 'ಲಿವರ್' ಅನ್ನೋ ಒಂದು ಪದ ತೆಗೆಸೋ ಹೊತ್ತಿಗೆ 1959! ಹದಿನಾರು ವರ್ಷ. ಅಷ್ಟರಲ್ಲಿ ಎಷ್ಟು ಡಬ್ಬಿ ಖರ್ಚಾಗಿರಬಹುದು, ನೀವೇ ಲೆಕ್ಕ ಹಾಕಿ.

ಈ ಏಳು ಜನ ಮಾಡಿದ್ದೇನು? ಧರಣಿ ಕೂರಲಿಲ್ಲ. ಕಚೇರಿಗೆ ಹೋಗಿ ಅಧಿಕಾರಿಗಳನ್ನ ಮಾತಾಡಿಸಿದರು, ಕಡತ ಕೇಳಿದರು, ಯಾವ ದೂರಿಗೆ ಎಷ್ಟು ಕಾಲ ಹಿಡಿಯಿತು ಅಂತ ನೋಡಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡಿಸೈನ್ ಡಾಕ್ಯುಮೆಂಟ್ ಪಕ್ಕಕ್ಕಿಟ್ಟು ಸೀದಾ ಲಾಗ್ ಫೈಲ್ ತೆರೆದರು. 1969ರ ಜನವರಿಯಲ್ಲಿ ವರದಿ ಹೊರಬಂತು. ಕಮಿಷನ್ ತಾನಾಗಿ ಮೋಸ ಹುಡುಕೋದಿಲ್ಲ, ಯಾರಾದರೂ ಪತ್ರ ಬರೆಯಲಿ ಅಂತ ಕಾಯುತ್ತೆ. ಸಣ್ಣಪುಟ್ಟ ಅಂಗಡಿಯವರನ್ನ ಹಿಡಿಯುತ್ತೆ, ದೊಡ್ಡವರ ತಂಟೆಗೆ ಹೋಗೋದಿಲ್ಲ. ನೇಮಕಾತಿಯಲ್ಲಿ ಪಕ್ಷ, ಪರಿಚಯ ನಡೆಯುತ್ತೆ. ಜನರಿಗೆ ಗೊತ್ತಾಗಬೇಕಾದ ಮಾಹಿತಿಯನ್ನ ಮುಚ್ಚಿಡುತ್ತೆ. ಕಮಿಷನ್ನಿನ ಅಧ್ಯಕ್ಷ ಪಾಲ್ ರಾಂಡ್ ಡಿಕ್ಸನ್ ಕೆಂಡಾಮಂಡಲವಾದರು. ಪತ್ರಿಕೆಯವರು ಹುಡುಗರಿಗೆ 'ನೇಡರ್ಸ್ ರೇಡರ್ಸ್' ಅಂತ ಹೆಸರಿಟ್ಟರು.

ಇವರನ್ನ ತಲೆಹರಟೆಗಳು ಅಂತ ತಳ್ಳಿಹಾಕೋದು ಸುಲಭ ಇರಲಿಲ್ಲ. ಒಬ್ಬ ಮಾಜಿ ಅಧ್ಯಕ್ಷ ಟಾಫ್ಟ್ ಅವರ ಮರಿಮಗ. ಇನ್ನೊಬ್ಬ, ಎಡ್ವರ್ಡ್ ಕಾಕ್ಸ್, 1971ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ಅಳಿಯನಾದ! ನಿಕ್ಸನ್ ಕೋರಿಕೆಯ ಮೇರೆಗೆ ಅಮೆರಿಕದ ವಕೀಲರ ಸಂಘವೇ ಒಂದು ಸಮಿತಿ ಮಾಡಿ ಪರೀಕ್ಷಿಸಿತು. 1969ರ ಸೆಪ್ಟೆಂಬರಿನಲ್ಲಿ ಬಂದ ಅದರ ವರದಿ, ಭಾಷೆ ಮೆತ್ತಗಿದ್ದರೂ, ಹುಡುಗರ ಮಾತನ್ನ ಬಹುಮಟ್ಟಿಗೆ ಒಪ್ಪಿತು. ಆ ಸಮಿತಿಯ ಮುಖ್ಯಸ್ಥ ಮೈಲ್ಸ್ ಕರ್ಕ್‌ಪ್ಯಾಟ್ರಿಕ್ 1970ರಲ್ಲಿ ಕಮಿಷನ್ನಿನ ಅಧ್ಯಕ್ಷರೇ ಆದರು. 1975ರಲ್ಲಿ ಹೊಸ ಕಾನೂನು ಬಂದು ಅಧಿಕಾರವೂ ಹೆಚ್ಚಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಚಂದಮಾಮದ ಕಥೆ. ಆದರೆ ಮುಂದೆಯೂ ಇದೆ. ಬಲ ಬಂದ ಕಮಿಷನ್ 1978ರಲ್ಲಿ ಮಕ್ಕಳಿಗೆ ತೋರಿಸೋ ಟೀವಿ ಜಾಹೀರಾತಿಗೆ ಕಡಿವಾಣ ಹಾಕಲು ಹೊರಟಿತು. ಕಂಪನಿಗಳು ತಿರುಗಿಬಿದ್ದವು, ಪತ್ರಿಕೆಗಳೂ ಗೇಲಿ ಮಾಡಿದವು. 1980ರಲ್ಲಿ ಸಂಸತ್ತು ಅದರ ರೆಕ್ಕೆ ಕತ್ತರಿಸಿತು, ಹಣ ನಿಂತು ಕಚೇರಿಗೆ ಸ್ವಲ್ಪ ಹೊತ್ತು ಬೀಗವನ್ನೂ ಹಾಕಬೇಕಾಯಿತು. ಅಂದರೆ ಸಂಸ್ಥೆಯ ತ್ರಾಣ ಒಳಗಿನ ದುರಸ್ತಿಯಿಂದ ಮಾತ್ರ ಬರೋದಿಲ್ಲ. ಅದರ ಬೆನ್ನಿಗೆ ಜನ ನಿಂತಿರಬೇಕು. ಹುಳುಕು ಹುಡುಕೋದಕ್ಕೆ ಒಂದು ಬೇಸಿಗೆ ಸಾಕಾಯಿತು, ಕಾಯೋದಕ್ಕೆ ಸಾಕಾಗಲಿಲ್ಲ.

ನಮ್ಮಲ್ಲಿ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೇ ತಗೊಳ್ಳಿ. ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ ಮೂರು ತಿಂಗಳಲ್ಲಿ, ಸಾಮಾನಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ, ದೂರನ್ನ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಅದರಲ್ಲಿದೆ. ಈ ಗಡುವು ನಿಮ್ಮ ಜಿಲ್ಲೆಯ ಆಯೋಗದಲ್ಲಿ ಎಷ್ಟು ದೂರುಗಳಿಗೆ ನಿಜವಾಗಿದೆ? ಎಷ್ಟು ಸದಸ್ಯರ ಕುರ್ಚಿ ಖಾಲಿ ಇದೆ, ಎಷ್ಟು ದಿನದಿಂದ? ಆ ಏಳು ಜನರ ಕಾಲಕ್ಕೆ ಅಮೆರಿಕದ ಮಾಹಿತಿ ಕಾನೂನಿಗಿನ್ನೂ ಒಂದು ವರ್ಷದ ವಯಸ್ಸು. ನಮ್ಮ ಕೈಯಲ್ಲಿ 2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿಗೆ ಹತ್ತು ರೂಪಾಯಿ. ಕರ್ನಾಟಕವಂತೂ ಅದಕ್ಕೂ ಮೊದಲೇ, 2000ದಲ್ಲೇ, ತನ್ನದೇ ಕಾಯ್ದೆ ಮಾಡಿಕೊಂಡಿತ್ತು.

ನಮ್ಮ ಲಾ ಕಾಲೇಜುಗಳ ಪ್ರಾಜೆಕ್ಟುಗಳು ಕಾನೂನು ಏನು ಹೇಳುತ್ತೆ ಅಂತ ಬರೆದು ಬೈಂಡ್ ಮಾಡಿಸೋದರಲ್ಲೇ ಮುಗಿಯಬೇಕಿಲ್ಲ. ಒಂದು ಕಚೇರಿ, ಒಂದು ರಜೆ, ನಾಲ್ಕೈದು ಜನ, ದಿನಾಂಕ ಬರೆದುಕೊಳ್ಳೋಕೆ ಒಂದು ಸ್ಪ್ರೆಡ್‌ಶೀಟ್ ಇದ್ದರೂ ಶುರು ಮಾಡಬಹುದು. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಕಾನೂನು ಓದೋರು ಯಾರಾದರೂ ಇದ್ದರೆ ಈ ಕಥೆ ಹೇಳಿ ನೋಡಿ. ಯಾವ ಕಚೇರಿಯಿಂದ ಶುರು ಮಾಡಬೇಕು ಅನ್ನೋದಕ್ಕೆ ನಿಮ್ಮ ಬಳಿ ಹೆಸರು ಇದ್ದೇ ಇರುತ್ತೆ, ಅಲ್ವಾ?