ಕೊಕ್ಕು ಮೊದಲೋ, ಕೊಕ್ಕರೆ ಮೊದಲೋ

ಬಸ್ಸು ಮದ್ದೂರು ದಾಟಿತ್ತು. ಗದ್ದೆ ಉಳುತ್ತಿದ್ದ ಟ್ರ್ಯಾಕ್ಟರಿನ ಹಿಂದೆ ಇಪ್ಪತ್ತು ಮೂವತ್ತು ಬೆಳ್ಳಕ್ಕಿಗಳು ಹುಳ ಹೆಕ್ಕುತ್ತಿದ್ದವು. ಮುಂದಿನ ಸೀಟಿನ ತಾಯಿ ಮಗನ ಗಲ್ಲ ಹಿಡಿದು ತಿರುಗಿಸಿ, ‘ಪುಟ್ಟಾ, ಅಲ್ನೋಡು ಕ್ರೇನ್’ ಎಂದರು. ಹುಡುಗ ಗದ್ದೆಯನ್ನೆಲ್ಲ ಹುಡುಕಿ, ‘ಎಲ್ಲಮ್ಮಾ? ಬರೀ ಟ್ರ್ಯಾಕ್ಟರ್ ಇದೆ’ ಎಂದ. ಬೆಂಗಳೂರಿನ ಮೆಟ್ರೊ ಕಾಮಗಾರಿ ನೋಡುತ್ತ ಬೆಳೆದ ಮಗು. ಅವನ ಕ್ರೇನು ಹಳದಿ ಬಣ್ಣದ್ದು, ಕಬ್ಬಿಣದ್ದು. ತಾಯಿ ಸೋತು, ‘ಅದೇ ಕಣೋ, ಕೊಕ್ಕರೆ’ ಎಂದರು. ಅದೂ ತಪ್ಪು. ನಾನು ಬಾಯಿ ಬಿಡಲಿಲ್ಲ. ಕಂಡವರ ಮಕ್ಕಳಿಗೆ ಬಸ್ಸಿನಲ್ಲಿ ಪಾಠ ಹೇಳುವ ಮುದುಕ ಎನಿಸಿಕೊಳ್ಳಲು ನನಗಿನ್ನೂ ಮನಸ್ಸಿಲ್ಲ. ಅಂಕಣವಾದರೆ ಆ ಮಾತು ಬೇರೆ.

ನಿಜವಾದ ಕ್ರೇನ್ ಜಾತಿಯ ಹಕ್ಕಿ ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಬಯಲಿಗೆ ಬಂದಿಳಿದು, ಬೇಸಿಗೆಗೆ ಮೊದಲೇ ಹೊರಟುಹೋಗುತ್ತದೆ. ಮರ ಏರುವುದಿಲ್ಲ, ಇಲ್ಲಿ ಗೂಡು ಕಟ್ಟುವುದೂ ಇಲ್ಲ. ಟ್ರ್ಯಾಕ್ಟರಿನ ಹಿಂದೆ ನಡೆಯುತ್ತಿದ್ದುದು ಬೆಳ್ಳಕ್ಕಿಗಳಲ್ಲೇ ದನದ ಸಹವಾಸ ಹಿಡಿದ ಗೋವಕ್ಕಿ. ದನ ಕಡಿಮೆಯಾದ ಮೇಲೆ ಟ್ರ್ಯಾಕ್ಟರನ್ನೇ ದನ ಮಾಡಿಕೊಂಡಿದೆ. ಮರಿ ಮಾಡುವ ಕಾಲಕ್ಕೆ ಅದರ ತಲೆ, ಕತ್ತು, ಬೆನ್ನು ಅರಿಸಿನ ಮೆತ್ತಿದಂತಾಗುತ್ತವೆ. ಆಗ ಅದನ್ನು ಬೆಳ್ಳಕ್ಕಿ ಎನ್ನಲು ನನಗೇ ಸ್ವಲ್ಪ ಸಂಕೋಚ.

ಬೆಳ್ಳಕ್ಕಿ ಎಂಬ ಮಾತು ಹೇಗೆ ಹುಟ್ಟಿತೆಂದು ಕಣ್ಣಿದ್ದವರಿಗೆ ಹೇಳಬೇಕಾಗಿಲ್ಲ. ಕೊಕ್ಕರೆ ಹಾಗಲ್ಲ. ಉದ್ದ ಕೊಕ್ಕು ಇರುವುದರಿಂದ ಕೊಕ್ಕರೆ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ನನ್ನ ವಾದ ತಿರುಗುಮುರುಗು: ಹಕ್ಕಿ ಮೊದಲು, ಮೂತಿ ಆಮೇಲೆ. ತಮಿಳರ ಕೊಕ್ಕು ಹಕ್ಕಿಯೇ, ಅದರ ಮೂತಿಗೆ ಅವರು ಅಲಗು ಎನ್ನುತ್ತಾರೆ. ಮಲಯಾಳದಲ್ಲಿ ಕೊಕ್ಕು ಹಕ್ಕಿಯೂ ಹೌದು, ಮೂತಿಯೂ ಹೌದು. ತೆಲುಗಿನ ಕೊಕ್ಕೆರವೂ ಹಕ್ಕಿಯೇ. ನಾವು ಮಾತ್ರ ಹಕ್ಕಿಯ ಹೆಸರನ್ನು ಮೂತಿಗೆ ಕೊಟ್ಟು, ಹಕ್ಕಿಗೆ ಒಂದು ಬಾಲ ಅಂಟಿಸಿ ಸಮಾಧಾನ ಮಾಡಿದೆವು. ಗುಬ್ಬಿಯ ಮೂತಿಗೂ ಈಗ ಕೊಕ್ಕರೆಯ ಹೆಸರೇ! ಪಂಡಿತರ ಒಪ್ಪಿಗೆ ಕೇಳಿಲ್ಲ, ಕೇಳುವುದೂ ಇಲ್ಲ.

ಅದರ ಕೂಗಿನಿಂದ ಹೆಸರು ಬಂತು ಎನ್ನುವವರೂ ಇದ್ದಾರೆ. ಅವರು ಒಮ್ಮೆ ಬಣ್ಣದ ಕೊಕ್ಕರೆಯ ಗೂಡಿನ ಕೆಳಗೆ ನಿಲ್ಲಲಿ. ಕಿರುಚುವುದೆಲ್ಲ ಮರಿಗಳು. ದೊಡ್ಡವಕ್ಕೆ ಕೂಗೇ ಇಲ್ಲವೆನ್ನಬಹುದು. ಗಂಡಹೆಂಡಿರ ಸಲ್ಲಾಪವೂ ಕೊಕ್ಕು ಕಟಕಟಿಸಿಯೇ. ಊಟವೂ ಕೊಕ್ಕಿನ ಸ್ಪರ್ಶದಿಂದಲೇ: ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ, ಅತ್ತಿತ್ತ ಬೀಸುತ್ತ, ಕಾಲಲ್ಲಿ ಕೆಸರು ಕದಡುತ್ತ ನಡೆಯುತ್ತದೆ. ಮೀನು ತಾಗಿತೋ, ಟಪ್ಪೆಂದು ಮುಚ್ಚುತ್ತದೆ. ಬಾಯ್ಕಳಕ ಎಂಬ ಅದರ ದಾಯಾದಿಯ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಬಸವನಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನುವುದರಲ್ಲಿ ಅದು ನಿಪುಣ. ಮರಿಗೆ ಆ ಸಂದು ಇರುವುದಿಲ್ಲ, ಬೆಳೆಯುತ್ತ ಬರುತ್ತದೆ.

ಈಗ ಉಗುರಿನ ವಿಷಯ. ಸಂಜೆ ಹೊತ್ತು ಕೆರೆಯ ಕಡೆಯಿಂದ ಬೆಳ್ಳಕ್ಕಿ ಸಾಲು ಬಂದರೆ ನಾವು ಮಕ್ಕಳೆಲ್ಲ ಬೀದಿಗಿಳಿದು, ಎರಡೂ ಕೈಯ ಉಗುರು ಒಂದಕ್ಕೊಂದು ಉಜ್ಜುತ್ತ, ‘ನಂಗೊಂದು, ನಂಗೊಂದು’ ಎಂದು ಓಡುತ್ತಿದ್ದೆವು. ಉಗುರಿನ ಮೇಲೆ ಏಳುವ ಬಿಳಿ ಚುಕ್ಕೆ ಬೆಳ್ಳಕ್ಕಿ ಕೊಟ್ಟದ್ದು ಎಂದು ನಂಬಿಕೆ. ಅಕ್ಕನ ಉಗುರಲ್ಲಿ ಏಳಿದ್ದವು, ನನ್ನಲ್ಲಿ ಒಂದೂ ಇರಲಿಲ್ಲ. ಒಂದು ದಿನ ದೊಡ್ಡ ಹಕ್ಕಿಗಳ ಸಾಲೊಂದು ಬಂತು. ದೊಡ್ಡ ಹಕ್ಕಿ ದೊಡ್ಡ ಚುಕ್ಕೆ ಕೊಟ್ಟೀತು ಎಂದು ನಾನು ಉಗುರು ಕೆಂಪಾಗುವ ಹಾಗೆ ಉಜ್ಜಿದೆ. ಅಕ್ಕ ತಲೆಗೊಂದು ಮೊಟಕಿದಳು: ‘ದಡ್ಡ, ಅವು ಕೊಕ್ಕರೆ ಕಣೋ. ಕತ್ತು ಚಾಚ್ಕೊಂಡು ಹೋಗ್ತಾವೆ, ಕಾಣಲ್ವಾ? ಕತ್ತು ಮಡಚ್ಕೊಂಡು ಹೋಗೋವ್ನ ಕೇಳ್ಬೇಕು.’ ಮುಂದೆ ಓದಿದ ಹಕ್ಕಿ ಪುಸ್ತಕಗಳೆಲ್ಲ ಇದನ್ನೇ ಹೇಳಿದವು. ಹಾರುವಾಗ ಕೊಕ್ಕರೆಯ ಕತ್ತು ನೆಟ್ಟಗೆ, ಬೆಳ್ಳಕ್ಕಿ ಮತ್ತು ಬಕಗಳದು ಮಡಚಿದ್ದು. ಮೊಟಕಿಸಿಕೊಂಡು ಕಲಿತದ್ದು ನಾನು ಮರೆತಿಲ್ಲ. ಹದಿನೈದು ದಿನ ಬಿಟ್ಟು ಎಡಗೈ ಹೆಬ್ಬೆರಳಲ್ಲಿ ಚುಕ್ಕೆಯೊಂದು ಎದ್ದಿತು. ಅದು ಮೇಲೇರಿ ತುದಿಗೆ ಬರುವ ತನಕ ಆ ಉಗುರನ್ನು ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಗೆ ಅಪ್ಪ ಬ್ಲೇಡಿನಲ್ಲಿ ಕತ್ತರಿಸಿ ತೆಗೆದಾಗ ಆ ಚೂರನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದೆ.

ಚುನಾವಣೆ ಬಂತೆಂದರೆ ಟಿಕೆಟ್ಟಿಗಾಗಿ ‘ಬಕಪಕ್ಷಿಯಂತೆ’ ಕಾಯುವವರು ಪತ್ರಿಕೆಗಳಲ್ಲಿ ಸಾಲುಗಟ್ಟುತ್ತಾರೆ. (ಮಳೆಗೆ ಕಾಯುವ ರೈತರು ‘ಜಾತಕಪಕ್ಷಿ’ಗಳಂತೆ. ಚಾತಕದ ಕೈಗೆ ಜಾತಕ ಕೊಟ್ಟವರು ಯಾರೋ!) ಕೊಳದ ಬಕ ಗಂಟೆಗಟ್ಟಲೆ ಕಲ್ಲಿನಂತೆ ನಿಲ್ಲುವುದು ನಿಜ. ಆದರೆ ಕಿರು ಬೆಳ್ಳಕ್ಕಿಗೆ ಧ್ಯಾನ ಕಟ್ಟಬೇಡಿ. ಅದು ಹಳದಿ ಪಾದದಿಂದ ನೀರು ಕೆದಕುತ್ತ ಓಡಾಡುವ ಅವಸರದ ಹಕ್ಕಿ. ಧ್ಯಾನದ ಬಿರುದು ಸಲ್ಲಬೇಕಾದದ್ದು ಜೊಂಡಿನಲ್ಲಿ ಗೂಡು ಕಟ್ಟುವ ಗುಪ್ಪಿಗೆ. ಆಳು ಬಂದರೆ ಹಾರುವುದಿಲ್ಲ. ಕತ್ತು ನೆಟ್ಟಗೆ ಮಾಡಿ, ಕೊಕ್ಕನ್ನು ಆಕಾಶಕ್ಕೆತ್ತಿ, ಜೊಂಡಿನ ಇನ್ನೊಂದು ಕಡ್ಡಿಯಾಗಿ ನಿಂತುಬಿಡುತ್ತದೆ.

ಮದ್ದೂರು ತಾಲ್ಲೂಕಿನಲ್ಲೇ ಇರುವ ಕೊಕ್ಕರೆ ಬೆಳ್ಳೂರಿನಲ್ಲಿ ಹೆಸರಿನ ಈ ಗೊಂದಲವಿಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಅಲ್ಲಿಗೆ ಹೋಗುವ ಎಷ್ಟೋ ಕಾಲ ಮೊದಲಿನಿಂದ ಮನೆ ಮುಂದಿನ ಹುಣಿಸೆ ಮರಗಳಲ್ಲಿ ಕೊಕ್ಕರೆಯೂ ಹೆಜ್ಜಾರ್ಲೆಯೂ ಗೂಡು ಕಟ್ಟುತ್ತಿದ್ದವು. ಒಂದೇ ಮರ, ಎರಡು ಹಕ್ಕಿ, ಎರಡು ಹೆಸರು. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ ಊರವರು. ಹುಣಿಸೆ ಫಸಲು ಕೈಬಿಟ್ಟರೂ ಮರ ಕಡಿಯಲಿಲ್ಲ. ಉದುರಿದ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಉರಿಬಿಸಿಲಲ್ಲಿ ತಾಯಿಯೋ ತಂದೆಯೋ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಲ್ಲುವುದನ್ನು ಅಲ್ಲಿ ಜಗಲಿಯ ಮೇಲೆ ಕೂತೇ ನೋಡಬಹುದು.

ಗುಪ್ಪಿ ಎಂಬುದು ಪುಸ್ತಕದ ಹೆಸರು. ನಿಮ್ಮ ಕಡೆ ಗದ್ದೆಬದುವಿನವರು, ಕೆರೆಯಂಗಳದವರು, ಮೀನು ಹಿಡಿಯುವವರು ಆ ಹಕ್ಕಿಗೆ ಏನೆನ್ನುತ್ತಾರೆ? ಊರಿನ ಹೆಸರು ಸಮೇತ ಒಂದು ಕಾರ್ಡು ಬರೆಯಿರಿ. ಕ್ರೇನ್ ಎಂದು ಬರೆದವರಿಗೆ ಉತ್ತರ ಬರೆಯುವುದಿಲ್ಲ.