ಕೊರಿಯಾದ ಸೌಂದರ್ಯ ಕಲ್ಪನೆ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆ

ಕಲೆಯಿಲ್ಲದ ಬಿಳಿ ಚರ್ಮ, ಪುಟ್ಟ ಮುಖ, ಕಿರಿದಾದ ದವಡೆ, ಎತ್ತರದ ಮೂಗು, ಮಡಿಕೆಯುಳ್ಳ ರೆಪ್ಪೆಯ ದೊಡ್ಡ ಕಣ್ಣು: ಇವು ದಕ್ಷಿಣ ಕೊರಿಯಾದಲ್ಲಿ ಇಂದು ಚೆಲುವಿನ ಲಕ್ಷಣಗಳೆನಿಸಿವೆ. ಬಿಳುಪಿನ ಒಲವು ಹಿಂದೆ ಕೊರಿಯಾವನ್ನಾಳಿದ ಜೋಸನ್ ಅರಸರ ಕಾಲದಲ್ಲೂ ಇತ್ತು. ಹಾಗಾಗಿ ಎಲ್ಲವನ್ನೂ ಪಾಶ್ಚಾತ್ಯರ ಅನುಕರಣೆ ಎನ್ನಲಾಗದು.

ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲಿ ಅತ್ಯಂತ ಜನಪ್ರಿಯವಾದುದು ರೆಪ್ಪೆಯದು. ಪೂರ್ವ ಏಷ್ಯಾದ ಅನೇಕರ ಮೇಲ್ರೆಪ್ಪೆಯಲ್ಲಿ ಹುಟ್ಟಿನಿಂದ ಮಡಿಕೆ ಇರುವುದಿಲ್ಲ. ರೆಪ್ಪೆಯ ಚರ್ಮವನ್ನು ಒಳಗಿನ ಅಂಗಾಂಶಕ್ಕೆ ಹೊಲಿದು ಕೂಡಿಸಿದರೆ ಕಣ್ಣು ತೆರೆದಾಗ ಮಡಿಕೆ ಮೂಡುತ್ತದೆ. ಜಪಾನಿನ ವೈದ್ಯ ಮಿಕಾಮೊ 1896ರಲ್ಲೇ ಈ ವಿಧಾನವನ್ನು ವಿವರಿಸಿದ್ದ; ಕೊರಿಯಾ ಯುದ್ಧದ ಬಳಿಕ ಅಮೆರಿಕದ ವೈದ್ಯ ರಾಲ್ಫ್ ಮಿಲಾರ್ಡ್ ಅಲ್ಲಿ ಇದನ್ನು ನಡೆಸಿದ. ಕಾಲೇಜು ಪ್ರವೇಶ ಪರೀಕ್ಷೆ ಮುಗಿಸಿದ ಮಕ್ಕಳಿಗೆ ಹೆತ್ತವರೇ ಇದನ್ನು ಉಡುಗೊರೆಯಾಗಿ ಮಾಡಿಸುವುದುಂಟು. ಸೋಲ್ ನಗರದ ಗಂಗ್ನಮ್ ಇಂಥ ಕ್ಲಿನಿಕ್‌ಗಳ ಕೇಂದ್ರ.

ಈ ಮೋಹಕ್ಕೆ ಚಿತ್ರತಾರೆಯರಷ್ಟೇ ಕಾರಣರಲ್ಲ. ಉದ್ಯೋಗದ ಅರ್ಜಿಗೆ ಭಾವಚಿತ್ರ ಅಂಟಿಸುವ ರೂಢಿಯಿಂದ ರೂಪವೂ ಅರ್ಹತೆಯಂತಾಯಿತು. ಕೆಲಸಕ್ಕೆ ಸಂಬಂಧವಿಲ್ಲದಿದ್ದರೂ ಅಭ್ಯರ್ಥಿಯ ರೂಪ, ಎತ್ತರ, ತೂಕದ ವಿವರ ಕೇಳುವುದನ್ನು 2019ರ ಕಾನೂನು ತಿದ್ದುಪಡಿ ನಿಷೇಧಿಸಿತು. ಇದಕ್ಕೂ ಮೊದಲು, 2018ರ ಸುಮಾರಿಗೆ, ಚೆಲುವಿನ ಈ ಒತ್ತಡದ ವಿರುದ್ಧ ಹಲವು ಯುವತಿಯರು ಪ್ರಸಾಧನಗಳನ್ನು ಒಡೆದುಹಾಕಿ, ಕೂದಲು ಕತ್ತರಿಸಿಕೊಂಡು ಪ್ರತಿಭಟಿಸಿದರು.

ಚೆಲುವಿಗಾಗಿ ದವಡೆ ಕೊರೆಯುವ ಶಸ್ತ್ರಚಿಕಿತ್ಸೆಯಲ್ಲಿ ನರಹಾನಿ, ರಕ್ತಸ್ರಾವದ ಅಪಾಯವಿದೆ. ಒಪ್ಪಿಕೊಂಡ ವೈದ್ಯರ ಬದಲು ಬೇರೆಯವರು ಕತ್ತಿ ಹಿಡಿದ ಕೆಲವು ಪ್ರಕರಣಗಳು ಸಾವಿನಲ್ಲಿ ಕೊನೆಗೊಂಡದ್ದರಿಂದ, ರೋಗಿಯ ಪ್ರಜ್ಞೆ ತಪ್ಪಿಸುವ ಅರಿವಳಿಕೆ ನೀಡುವ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ 2023ರಿಂದ ಕ್ಯಾಮೆರಾ ಕಡ್ಡಾಯವಾಗಿದೆ.