ಚೀಟಿಯ ಹಿಂದೆ ಮನೆಗೆ ಹೋದ ನರ್ಸ್

ಶಾಲೆಗೆ ಒಬ್ಬ ನರ್ಸ್ ಯಾಕೆ ಬೇಕು ಅಂತ ಕೇಳಿದರೆ, ಗಾಯಕ್ಕೆ ಪಟ್ಟಿ ಕಟ್ಟೋಕೆ ಅಂತ ಹೆಚ್ಚಿನವರು ಹೇಳುತ್ತಾರೆ. ಈ ಕೆಲಸ ಹುಟ್ಟಿದ ಚರಿತ್ರೆ ನೋಡಿದರೆ ವಿಷಯ ಬೇರೆಯೇ ಇದೆ.

ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 1897ರಿಂದಲೇ ಡಾಕ್ಟರುಗಳು ಮಕ್ಕಳ ತಪಾಸಣೆ ಮಾಡುತ್ತಿದ್ದರು. ಟ್ರಕೋಮಾ ಎಂಬ ಕಣ್ಣಿನ ರೋಗ, ಹುಳುಕಡ್ಡಿ, ಕಜ್ಜಿ, ತಲೆಯಲ್ಲಿ ಹೇನು ಕಂಡರೆ ಚೀಟಿ ಕೊಟ್ಟು ಮನೆಗೆ ಕಳುಹಿಸುತ್ತಿದ್ದರು. ಆ ಕೇರಿಗಳಲ್ಲಿ ಇದ್ದವರು ಯುರೋಪಿನಿಂದ ವಲಸೆ ಬಂದ ಬಡವರು. ಎಷ್ಟೋ ತಾಯಂದಿರಿಗೆ ಚೀಟಿಯಲ್ಲಿ ಏನಿದೆ ಅಂತ ತಿಳಿಯುತ್ತಿರಲಿಲ್ಲ. ಕ್ಲಾಸಿನಿಂದ ಹೊರಗಾದ ಮಗು ಸಂಜೆ ಅದೇ ಗೆಳೆಯರ ಜೊತೆ ಬೀದಿಯಲ್ಲಿ ಆಡುತ್ತಿತ್ತು. ರೋಗವೂ ನಿಲ್ಲಲಿಲ್ಲ, ಓದೂ ಹೋಯಿತು.

ಅದೇ ಕೇರಿಯಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುತ್ತಿದ್ದವರು ಲಿಲಿಯನ್ ವಾಲ್ಡ್. ತಲೆಯ ಹುಣ್ಣಿನಿಂದಾಗಿ 12 ವರ್ಷವಾದರೂ ಶಾಲೆಗೆ ಸೇರಲಾಗದ ಹುಡುಗನೊಬ್ಬನನ್ನು ಅವರು ಕಂಡಿದ್ದರು. ಮುಲಾಮು ಹಚ್ಚಿ, ಗುಣಪಡಿಸಿ ಅವನನ್ನು ಶಾಲೆಗೆ ಸೇರಿಸಿದರು. ಅವರ ಸಲಹೆಯಂತೆ 1902ರ ಅಕ್ಟೋಬರ್ 1ರಂದು ಲೀನಾ ರಾಜರ್ಸ್ ಎಂಬ ನರ್ಸ್ ನಾಲ್ಕು ಶಾಲೆಗಳ ಹೊಣೆ ಹೊತ್ತರು. ಸಣ್ಣಪುಟ್ಟ ಕಾಯಿಲೆಗೆ ಶಾಲೆಯಲ್ಲೇ ಔಷಧಿ, ಉಳಿದದ್ದಕ್ಕೆ ಮನೆಗೇ ಹೋಗಿ ತಾಯಿಗೆ ತಿಳಿಹೇಳುವುದು, ಇಷ್ಟೇ ಕೆಲಸ. 1902ರ ಸೆಪ್ಟೆಂಬರ್‌ನಲ್ಲಿ 10,567 ಸಲ ಮಕ್ಕಳನ್ನು ಶಾಲೆಯಿಂದ ಹೊರಗೆ ಕಳುಹಿಸಲಾಗಿತ್ತು. ಒಂದು ವರ್ಷದ ನಂತರ ಅದು 1,101ಕ್ಕೆ ಇಳಿಯಿತು. ಅಷ್ಟರಲ್ಲಿ ನಗರವೇ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿಕೊಂಡಿತ್ತು.

ನಮ್ಮ ದೇಶದಲ್ಲೂ ಈ ಕೆಲಸ ಬೇಗನೇ ಶುರುವಾಯಿತು. 1909ರಲ್ಲಿ ಬರೋಡಾ ನಗರದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ನಡೆಯಿತು. ಆದರೆ 1946ರ ಭೋರ್ ಸಮಿತಿ ವರದಿ, ಭಾರತದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೆಂಬಷ್ಟು ಕಡಿಮೆ ಅಂತ ಹೇಳಿತು. 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಬಂತು. 2013ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ ಚಾಲನೆ ಸಿಕ್ಕಿತು. ಇದರ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಫಾರ್ಮಸಿಸ್ಟ್, ಒಬ್ಬ ನರ್ಸ್ ಇರಬೇಕು ಅನ್ನುವುದು ನಿಯಮ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಈ ತಂಡ ಬರುತ್ತದೆ.

ಇದು ದೊಡ್ಡ ಕೆಲಸವೇ, ಅನುಮಾನ ಇಲ್ಲ. ಆದರೆ ತಂಡ ಹೋದ ಮೇಲೆ ಉಳಿದ 364 ದಿನ ಆ ಚೀಟಿಯ ಹಿಂದೆ ಹೋಗುವವರು ಯಾರು? ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದ ನಮ್ಮವರ ಮನೆಯಲ್ಲಿ ಅಮ್ಮಿಗೆ ಉರ್ದು ಬರಬಹುದು, ಕನ್ನಡ ಬರಬಹುದು. ಚೀಟಿ ಇಂಗ್ಲಿಷಿನಲ್ಲೋ ಅಲ್ಲಿನ ಭಾಷೆಯಲ್ಲೋ ಇದ್ದರೆ? ನ್ಯೂಯಾರ್ಕಿನ ಆ ತಾಯಂದಿರ ಕಥೆಯೇ ಮತ್ತೆ ಶುರು ಅಲ್ವಾ!

ಕಾಯಿಲೆ ಪತ್ತೆ ಮಾಡಿದರೆ ಅರ್ಧ ಕೆಲಸ ಆದಂತೆ, ಅಷ್ಟೇ. ಆ ಮಗು ವಾಪಸ್ ಬೆಂಚಿನಲ್ಲಿ ಬಂದು ಕೂತಾಗಲೇ ಅದು ಪೂರ್ತಿ. ಪ್ರತಿ ಶಾಲೆಗೂ ನರ್ಸ್ ಬೇಕು ಅಂತ ಎಸ್‌ಡಿಎಂಸಿ ಸಭೆಯಲ್ಲಿ, ಪಾಲಕರ ಸಭೆಯಲ್ಲಿ ನಾವು ಕೇಳಬೇಕು. ಅಲ್ಲಿಯವರೆಗೆ ಕ್ಲಾಸ್ ಟೀಚರ್ ಹಾಜರಿ ಕರೆಯುವಾಗ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಲಿ: ಚೀಟಿ ಸಿಕ್ಕ ಮಗು ಕನ್ನಡಕ ಹಾಕ್ಕೊಂಡು ಬಂತಾ?